ಅದಿರಿಲ್ಲದ ನೆಲದ ನಕ್ಷೆ

ಸರ್ವೆ ಆಫ್ ಇಂಡಿಯಾದವರು ದೇಶವನ್ನು ಅಕ್ಷಾಂಶ, ರೇಖಾಂಶಗಳ ಲೆಕ್ಕದಲ್ಲಿ ಚೌಕ ಚೌಕವಾಗಿ ಹಂಚಿ ಪ್ರತಿ ಚೌಕಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಅವುಗಳಲ್ಲಿ 57 ಬಿ ಎಂಬುದು ಉತ್ತರ ಅಕ್ಷಾಂಶ 14ರಿಂದ 15, ಪೂರ್ವ ರೇಖಾಂಶ 76ರಿಂದ 77 ಡಿಗ್ರಿಯವರೆಗಿನ ನೆಲ. ಹೆಚ್ಚುಕಡಿಮೆ 12,000 ಚದರ ಕಿಲೋಮೀಟರ್. ಚಿತ್ರದುರ್ಗ, ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಗಡಿಯಾಚೆಯ ರಾಯದುರ್ಗ ಎಲ್ಲವೂ ಈ ಒಂದೇ ಚೌಕದೊಳಗೆ ಬೀಳುತ್ತವೆ. ಭೂವಿಜ್ಞಾನಿಗಳು ಇದಕ್ಕೆ ತಮ್ಮ ಬಣ್ಣ ತುಂಬಿದಾಗ ಚಿತ್ರದುರ್ಗದ ಆಸುಪಾಸು ಹಸಿರು ಪಟ್ಟೆಗಳು ಮೂಡುತ್ತವೆ. ಮೊಳಕಾಲ್ಮೂರಿನ ಕಡೆ ಗುಲಾಬಿ ಹರಡುತ್ತದೆ. ಹಸಿರು ಎಂದರೆ ಶಿಸ್ಟ್, ಪದರು ಪದರಾಗಿ ಸೀಳುವ ಹಳೆಯ ಶಿಲೆ. ಗುಲಾಬಿ ಎಂದರೆ ಗ್ರಾನೈಟ್.

ಕೊಂಡ್ಲಹಳ್ಳಿ ಎಂಬ ಊರು ಇರುವುದು ಗುಲಾಬಿ ಕಡೆಯ ಸೀಮೆಯಲ್ಲಿ. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಬಿ.ಜಿ. ಕೆರೆಯ ಕಡೆಗೆ ಹೊರಟರೆ ಶೇಂಗಾ ಹೊಲಗಳ ನಡುವೆ ಒಂದರ ಮೇಲೊಂದು ಕೂತ ಗುಂಡುಗಳು, ಹಾಸುಬಂಡೆಗಳು, ಕುರುಚಲು ಗುಡ್ಡಗಳು ಎದುರಾಗುತ್ತವೆ. ಮಳೆ ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು, ಅದೂ ನಂಬುವಂತಿಲ್ಲ. ಇಲ್ಲಿಂದ ನೈಋತ್ಯಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಹೋದರೆ ತಾಮ್ರ ತೆಗೆದ ಇಂಗಳದಾಳು ಸಿಗುತ್ತದೆ. ಚಿನ್ನಕ್ಕಾಗಿ ಭೂಮಿ ಕೊರೆದು ನೋಡಿದ ಜಿ.ಆರ್. ಹಳ್ಳಿಯೂ ಆ ಕಡೆಯೇ. ಉತ್ತರಕ್ಕೆ ಸಂಡೂರಿನ ಕಬ್ಬಿಣ, ಮ್ಯಾಂಗನೀಸ್ ಇವೆ. ಪೂರ್ವಕ್ಕೆ, ಆಂಧ್ರದ ಕಲ್ಯಾಣದುರ್ಗ, ವಜ್ರಕರೂರುಗಳಲ್ಲಿ ವಜ್ರ ಹೊತ್ತು ಬರುವ ಕಿಂಬರ್ಲೈಟ್ ಶಿಲೆಯ ಕೊಳವೆಗಳಿವೆ. ಸುತ್ತಲೂ ಸಂಪತ್ತು, ನಡುವೆ ಗ್ರಾನೈಟ್.

ಖನಿಜ ಹುಡುಕುವವರ ಕಥೆಯನ್ನು ನಾವು ಸಾಮಾನ್ಯವಾಗಿ ಹಸಿರು ಪಟ್ಟೆಯಿಂದ ಶುರು ಮಾಡುತ್ತೇವೆ. ಕೋಲಾರ, ಹಟ್ಟಿ, ಕುದುರೆಮುಖ: ಸಿಕ್ಕಿದ್ದರ ಕಥೆಗಳು ಅವು. ಈ ಅಧ್ಯಾಯ ಗುಲಾಬಿ ಕಡೆಯಿಂದ ಶುರುವಾಗುತ್ತದೆ. ‘ಇಲ್ಲಿ ಅದಿರಿಲ್ಲ’ ಎಂದು ಭೂವಿಜ್ಞಾನಿ ನಕ್ಷೆಯ ಮೇಲೆ ಬರೆಯುವುದು ಬಿಟ್ಟುಹೋದ ಜಾಗವನ್ನು ತುಂಬಲು ಅಲ್ಲ. ಅದು ಕಾಲ್ನಡಿಗೆಯಿಂದ, ಸುತ್ತಿಗೆಯಿಂದ, ಈಗೀಗ ಗಣಿತದಿಂದಲೂ ಸಂಪಾದಿಸಬೇಕಾದ ಮಾತು.

ಮೊದಲ ಗೆರೆಗಳು

ಈ ಸೀಮೆಯ ಶಿಲೆಗಳಿಗೆ ಮೊದಲು ಕ್ರಮ ಕೊಟ್ಟವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಗುರುತಿಸಿ ಪುರಾತತ್ವದಲ್ಲಿ ಹೆಸರಾದವನೂ ಅವನೇ. ಆದರೆ ಅವನ ಹೊಟ್ಟೆಪಾಡಿನ ಕೆಲಸ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ, ಅಂದರೆ ಜಿಎಸ್‌ಐನಲ್ಲಿ. ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ದಕ್ಷಿಣ ಭಾರತವನ್ನು ಸುತ್ತಿ, ಚಿನ್ನ ಸಿಗುವ ಶಿಲೆಗಳೆಲ್ಲ ಒಂದೇ ಜಾತಿಗೆ ಸೇರಿದವು ಎಂದು ಗುರುತಿಸಿದ. 1880ರ ದಶಕದ ಕೊನೆಗೆ ಅವಕ್ಕೆ ‘ಧಾರವಾಡ’ ಎಂಬ ಹೆಸರಿಟ್ಟ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ ಅವನು ಬರೆದ ಗ್ರಂಥ 1895ರಲ್ಲಿ ಹೊರಬಂತು. ನಿವೃತ್ತನಾದ ಮೇಲೆ ಮೈಸೂರು ಸಂಸ್ಥಾನ ಅವನನ್ನೇ ಕರೆಸಿಕೊಂಡಿತು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಹುಟ್ಟಿದ್ದು ಹೀಗೆ.

ಅವನ ನಂತರ ಬಂದ ಡಬ್ಲ್ಯು.ಎಫ್. ಸ್ಮೀತ್ ಮತ್ತು ಸಹೋದ್ಯೋಗಿಗಳು ಸಂಸ್ಥಾನದ ಮೂಲೆಮೂಲೆ ಅಲೆದು, 1915ರ ಹೊತ್ತಿಗೆ ಅಂಗುಲಕ್ಕೆ ಎಂಟು ಮೈಲಿಯ ಲೆಕ್ಕದಲ್ಲಿ ಇಡೀ ಮೈಸೂರಿನ ಭೂವೈಜ್ಞಾನಿಕ ನಕ್ಷೆ ಸಿದ್ಧಪಡಿಸಿದರು. ಆ ನಕ್ಷೆಯ ನಡುವೆ ದಕ್ಷಿಣೋತ್ತರವಾಗಿ ಒಂದು ಉದ್ದನೆಯ ಪಟ್ಟಿ ಎದ್ದು ಕಾಣುತ್ತಿತ್ತು. ಈಗ ರಾಮನಗರ ಎನ್ನುವ ಊರಿಗೆ ಆಗ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿನ ಬೆಟ್ಟಗಳ ಕಲ್ಲನ್ನೇ ಮಾದರಿಯಾಗಿಟ್ಟುಕೊಂಡು ಇಡೀ ಪಟ್ಟಿಯನ್ನು ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು ಕರೆದರು. ಊರಿನ ಹೆಸರು ಬದಲಾದರೂ ಕಲ್ಲಿನ ಹೆಸರು ಹಾಗೇ ಉಳಿದಿದೆ. ಕಬ್ಬಾಳದುರ್ಗದ ಕಡೆಯಿಂದ ಹೊರಟು ರಾಮನಗರ, ಮಧುಗಿರಿ, ಪಾವಗಡ, ಮೊಳಕಾಲ್ಮೂರು ದಾಟಿ ಹಂಪಿಯ ಆಚೆಗೂ ಸುಮಾರು 400 ಕಿಲೋಮೀಟರ್ ಹಬ್ಬಿದ ಈ ಪಟ್ಟಿಯ ಅಗಲ ಹೆಚ್ಚಿನ ಕಡೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಮಾತ್ರ. ವಯಸ್ಸು ಸುಮಾರು 250 ಕೋಟಿ ವರ್ಷ.

ಗ್ರಾನೈಟನ್ನೇ ಹಿಡಿದು ಹೋದವರು

ಮೈಸೂರು ಇಲಾಖೆಯಿಂದ ಸರ್ಕಾರ ಬಯಸಿದ್ದು ಚಿನ್ನ, ಕಬ್ಬಿಣ, ಮ್ಯಾಂಗನೀಸ್, ಕ್ರೋಮೈಟ್. ಅಂಥ ಕಚೇರಿಯಲ್ಲಿ ಕೂತು ಅದಿರಿಲ್ಲದ ಕಲ್ಲಿನ ಬೆನ್ನು ಹತ್ತುವುದೆಂದರೆ ಸುಮ್ಮನೆ ಮಾತಲ್ಲ. ಬಿ.ಪಿ. ರಾಧಾಕೃಷ್ಣ ಅದನ್ನೇ ಮಾಡಿದರು. 1918ರ ಏಪ್ರಿಲ್ 30ರಂದು ಬೆಂಗಳೂರಿನಲ್ಲಿ ಹುಟ್ಟಿದ ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನ ಓದಿ 1937ರಲ್ಲಿ ಇಲಾಖೆ ಸೇರಿದರು. ಮೊದಲು ನೌಕರಿ, ಆಮೇಲೆ ಡಾಕ್ಟರೇಟ್. ನಡುವೆ ಹದಿನೈದು ವರ್ಷಕ್ಕೂ ಮಿಕ್ಕಿದ ಕ್ಷೇತ್ರಕಾರ್ಯ. ಮೈಸೂರು ವಿಶ್ವವಿದ್ಯಾನಿಲಯದ ಪಿಎಚ್.ಡಿ.ಗೆ ಅವರು ಆರಿಸಿಕೊಂಡ ವಿಷಯ ಕ್ಲೋಸ್‌ಪೇಟ್ ಗ್ರಾನೈಟ್. ಆ ಅಧ್ಯಯನವನ್ನು ಮೈಸೂರು ಭೂವಿಜ್ಞಾನಿಗಳ ಸಂಘ 1956ರಲ್ಲಿ ಪುಸ್ತಕವಾಗಿ ಪ್ರಕಟಿಸಿತು.

ಆಗ ಜಗತ್ತಿನ ಭೂವಿಜ್ಞಾನಿಗಳು ಗ್ರಾನೈಟ್ ಹುಟ್ಟುವ ಬಗೆಯ ಮೇಲೆ ಎರಡು ಬಣವಾಗಿ ಜಗಳಕ್ಕೆ ನಿಂತಿದ್ದರು. ಆಳದಲ್ಲಿ ಕರಗಿದ ಶಿಲಾಪಾಕ ಮೇಲೇರಿ ಆರಿ ಗ್ರಾನೈಟ್ ಆಗುತ್ತದೆ ಎಂದು ಒಂದು ಬಣ. ಇದ್ದ ಹಳೆಯ ಶಿಲೆಯೇ ಬಿಸಿ ದ್ರವಗಳು ಹೊಕ್ಕು ಕರಗದೆಯೇ ಗ್ರಾನೈಟಾಗಿ ಮಾರ್ಪಡುತ್ತದೆ ಎಂದು ಇನ್ನೊಂದು. ಇಂಗ್ಲೆಂಡಿನ ಎಚ್.ಎಚ್. ರೀಡ್ ಈ ಜಗಳದ ಮೇಲೆ ಒಂದು ಪುಸ್ತಕವನ್ನೇ ಬರೆದ. ಆ ವಾದಕ್ಕೆ ಸಾಕ್ಷಿ ಕೇಳಲು ಕ್ಲೋಸ್‌ಪೇಟ್ ಪಟ್ಟಿಯಂಥ ಜಾಗ ಕಡಿಮೆ. ದಕ್ಷಿಣ ತುದಿಯ ಕಬ್ಬಾಳದುರ್ಗದಲ್ಲಿ ನೈಸ್ ಶಿಲೆಯೊಳಗೆ ಚಾರ್ನೊಕೈಟ್ ಎಂಬ ಬೇರೆಯದೇ ಶಿಲೆ ಮೂಡುತ್ತಿದ್ದ ಹಂತವನ್ನು ಸಿ.ಎಸ್. ಪಿಚ್ಚಮುತ್ತು ಗುರುತಿಸಿ, 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಾಗ ಹೊರದೇಶದ ವಿಜ್ಞಾನಿಗಳ ದೃಷ್ಟಿ ಇತ್ತ ತಿರುಗಿತು.

ಆಮೇಲಿನ ದಶಕಗಳಲ್ಲಿ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ಈ ನಾಡಿನ ಶಿಲಾಕವಚ ಒಂದು ಕಡೆಗೆ ವಾಲಿ, ಸವೆದು ನಿಂತಿದೆ. ದಕ್ಷಿಣದಲ್ಲಿ ಈಗ ನೆಲದ ಮೇಲೆ ಕಾಣುವುದು ಒಂದು ಕಾಲಕ್ಕೆ ಬಹಳ ಆಳದಲ್ಲಿದ್ದ ಭಾಗ, ಉತ್ತರದಲ್ಲಿ ಕಾಣುವುದು ಮೇಲ್ಭಾಗ. ರಾಮನಗರದಿಂದ ಮೊಳಕಾಲ್ಮೂರಿನತ್ತ ಬರುವುದೆಂದರೆ ಉರುಳಿಬಿದ್ದ ಹೆಮ್ಮರದ ಮೇಲೆ ಬೇರಿನಿಂದ ಕೊಂಬೆಗಳ ಕಡೆಗೆ ನಡೆದಂತೆ. ಗ್ರಾನೈಟ್ ಎಲ್ಲಿ ಕರಗಿತು, ಯಾವ ದಾರಿಯಲ್ಲಿ ಮೇಲೇರಿತು, ಎಲ್ಲಿ ಬಂದು ನೆಲೆನಿಂತಿತು ಎಂಬುದನ್ನು ಬಾವಿ ತೋಡದೆ ರಸ್ತೆಯ ಪಕ್ಕದಲ್ಲೇ ಓದಬಹುದು.

ರಾಧಾಕೃಷ್ಣ ಮುಂದೆ ಇಲಾಖೆಯ ನಿರ್ದೇಶಕರಾದರು. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಸ್ಥಾಪನೆಯಾದಾಗ ಡಿ.ಎನ್. ವಾಡಿಯಾ ಅಧ್ಯಕ್ಷರಾದರೆ, ಅದನ್ನು ಕಟ್ಟಿ ಬೆಳೆಸುವ ಕೆಲಸ ಇವರ ಹೆಗಲೇರಿತು. ಸಂಘದ ಪತ್ರಿಕೆಯನ್ನು ದಶಕಗಟ್ಟಲೆ ಸಂಪಾದಿಸಿದರು. ಆರ್. ವೈದ್ಯನಾಥನ್ ಜೊತೆ ಕರ್ನಾಟಕದ ಭೂವಿಜ್ಞಾನ, ಎಲ್.ಸಿ. ಕರ್ಟಿಸ್ ಜೊತೆ ಭಾರತದ ಚಿನ್ನದ ಬಗ್ಗೆ ಪುಸ್ತಕ ಬರೆದರು. 2012ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ. ಚಿನ್ನ, ಕಬ್ಬಿಣದ ಬಗ್ಗೆ ಅಷ್ಟೆಲ್ಲ ಕೆಲಸ ಮಾಡಿದ ವ್ಯಕ್ತಿ ಡಾಕ್ಟರೇಟಿಗೆ ಬಂಜರು ಗ್ರಾನೈಟನ್ನು ಆರಿಸಿಕೊಂಡದ್ದು ವಿಚಿತ್ರ ಎನಿಸಬಹುದು. ಆದರೆ ಅದಿರಿರುವ ಪಟ್ಟೆಯ ಗಡಿ ಎಲ್ಲಿ ಎಂದು ಹೇಳಬೇಕಾದರೆ ಗಡಿಯ ಆಚೆ ಏನಿದೆ ಎಂದು ತಿಳಿದಿರಲೇಬೇಕು.

ಇಂದು ಮೊಳಕಾಲ್ಮೂರು ಸೀಮೆಯ ಹುಡುಗನೋ ಹುಡುಗಿಯೋ ಈ ದಾರಿ ಹಿಡಿಯಬೇಕೆಂದರೆ ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ, ಆಮೇಲೆ ಎಂ.ಎಸ್ಸಿ., ಆಮೇಲೆ ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿಗಳ ಪರೀಕ್ಷೆ ದಾಟಬೇಕು. ಜಿಎಸ್‌ಐಗೆ ಆಯ್ಕೆಯಾದವರಿಗೆ ಹೈದರಾಬಾದಿನ ತರಬೇತಿ ಸಂಸ್ಥೆಯಲ್ಲಿ ಪಾಠ. ಅದರ ಕ್ಷೇತ್ರ ತರಬೇತಿ ಕೇಂದ್ರಗಳಲ್ಲೊಂದು ಇರುವುದು ಚಿತ್ರದುರ್ಗದಲ್ಲಿ. ದೇಶದ ನಾನಾ ಕಡೆಯಿಂದ ಬಂದ ಹೊಸ ಭೂವಿಜ್ಞಾನಿಗಳು ಹಳೆಯ ಶಿಲೆಗಳ ಮೇಲೆ ಗೆರೆ ಎಳೆಯುವುದನ್ನು ಕಲಿಯುವುದು ಇಲ್ಲೇ, 57 ಬಿ ಹಾಳೆಯ ಮೇಲೆ.

ಗೆರೆ ಎಳೆಯುವುದು ಹೇಗೆ

ಡಿಗ್ರಿ ಚೌಕವೊಂದರಲ್ಲಿ ಹದಿನಾರು ಹಾಳೆಗಳಿರುತ್ತವೆ. ಒಂದೊಂದೂ 1:50,000 ಪ್ರಮಾಣದ್ದು: ಹಾಳೆಯ ಮೇಲಿನ ಎರಡು ಸೆಂಟಿಮೀಟರ್ ನೆಲದ ಮೇಲಿನ ಒಂದು ಕಿಲೋಮೀಟರ್. ಒಂದು ಹಾಳೆಗೆ ಸುಮಾರು 750 ಚದರ ಕಿಲೋಮೀಟರ್ ನೆಲ ಸೇರುತ್ತದೆ. ಅಷ್ಟನ್ನೂ ಅಂಗುಲ ಅಂಗುಲ ತುಳಿಯಲಾಗದು. ಶಿಲೆಗಳ ಪಟ್ಟೆ ದಕ್ಷಿಣೋತ್ತರವಾಗಿದ್ದರೆ ಭೂವಿಜ್ಞಾನಿ ಪೂರ್ವ-ಪಶ್ಚಿಮವಾಗಿ ನಡೆಯುತ್ತಾನೆ. ಪಟ್ಟೆಗೆ ಅಡ್ಡಲಾಗಿ ಹೋದರೆ ಮಾತ್ರ ಒಂದು ಶಿಲೆ ಮುಗಿದು ಇನ್ನೊಂದು ಶುರುವಾಗುವ ಜಾಗ ಸಿಗುತ್ತದೆ. ಒಂದು ದಾರಿ ಮುಗಿದ ಮೇಲೆ ಸ್ವಲ್ಪ ಸರಿದು ಇನ್ನೊಂದು ದಾರಿ.

ಕೈಯಲ್ಲಿ ಸುತ್ತಿಗೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಶಿಲಾಪದರ ಯಾವ ದಿಕ್ಕಿಗೆ ಚಾಚಿದೆ, ಎಷ್ಟು ಡಿಗ್ರಿ ವಾಲಿದೆ ಎಂದು ಅಳೆಯುವ ದಿಕ್ಸೂಚಿ, ಜಿಪಿಎಸ್, ನೋಟ್‌ಬುಕ್. ಬಂಡೆಯ ಹೊರಮೈ ಬಿಸಿಲು ಮಳೆಗೆ ಮಾಸಿರುತ್ತದೆ. ಒಡೆದಾಗ ಮಾತ್ರ ಒಳಗಿನ ಗುಲಾಬಿ ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ಮಿನುಗುವ ಕಾಗೆಬಂಗಾರ ಕಾಣುತ್ತವೆ. ಬಂಡೆಯೇ ಕಾಣದ ಹೊಲದಲ್ಲಿ ಬಾವಿ ತೋಡಿದ ಮಣ್ಣಿನ ಗುಡ್ಡೆ, ಕೊಳವೆಬಾವಿಯ ಪಕ್ಕದ ಪುಡಿ, ಹೊಲದ ಬದುವಿಗೆ ಒಟ್ಟಿದ ಕಲ್ಲು ಸಾಕ್ಷಿ ಹೇಳುತ್ತವೆ. ಇಲ್ಲಿ ರೈತರ ತಿಳಿವಳಿಕೆಯೂ ಕೆಲಸಕ್ಕೆ ಬರುತ್ತದೆ. ಗ್ರಾನೈಟ್ ಕೊಳೆತರೆ ಗರಸು, ಅದರ ಮೇಲೆ ಕೆಂಪು ಮಣ್ಣು. ಎರೆ ಮಣ್ಣು ಕಂಡಲ್ಲಿ ತಳದ ಕಲ್ಲು ಬೇರೆ ಇರಬಹುದು, ಅಥವಾ ತಗ್ಗಿನಲ್ಲಿ ನೀರು ನಿಂತ ಜಾಗ ಇರಬಹುದು. ಗುಡ್ಡದ ಮೇಲೆ ನೇರ ಸಾಲಾಗಿ ಕರಿಕಲ್ಲು ಹಾದುಹೋಗಿದ್ದರೆ ಅದು ಡೈಕ್. ಗ್ರಾನೈಟ್ ಗಟ್ಟಿಯಾದ ಮೇಲೆ ಬಿರುಕಿನಲ್ಲಿ ನುಗ್ಗಿ ಆರಿದ ಶಿಲೆ ಅದು.

ತಂದ ಕಲ್ಲಿನ ಚೂರನ್ನು ಪ್ರಯೋಗಾಲಯದಲ್ಲಿ ಉಜ್ಜಿ ಉಜ್ಜಿ 0.03 ಮಿಲಿಮೀಟರಿಗೆ ಇಳಿಸುತ್ತಾರೆ. ಅಷ್ಟು ತೆಳುವಾದರೆ ಕಲ್ಲಿನೊಳಗೆ ಬೆಳಕು ಹಾಯುತ್ತದೆ, ಸೂಕ್ಷ್ಮದರ್ಶಕದಲ್ಲಿ ಖನಿಜಗಳು ಒಂದೊಂದಾಗಿ ಗುರುತು ಸಿಗುತ್ತವೆ. ಇಷ್ಟೆಲ್ಲ ಆದಮೇಲೆ ನಕ್ಷೆಯಲ್ಲಿ ಗೆರೆ. ಎರಡೂ ಶಿಲೆ ಸೇರುವುದನ್ನು ಕಣ್ಣಾರೆ ಕಂಡಿದ್ದರೆ ಅಖಂಡ ಗೆರೆ, ಮಣ್ಣಿನಡಿ ಇರಬಹುದೆಂದು ಊಹಿಸಿದ್ದರೆ ತುಂಡು ಗೆರೆ. ನೋಡಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಗುರುತಿನಲ್ಲಿ ಬರೆಯುವ ಈ ಪದ್ಧತಿಯೇ ಭೂವೈಜ್ಞಾನಿಕ ನಕ್ಷೆಯ ನಂಬಿಕೆಗೆ ಆಧಾರ.

ಅಲ್ಲಿ ಯಾಕೆ, ಇಲ್ಲಿ ಯಾಕಲ್ಲ

ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಹೋಗುವಾಗ ಮರಡಿಹಳ್ಳಿ ಎಂಬಲ್ಲಿ ದಿಂಬುಗಳನ್ನು ಪೇರಿಸಿದಂತೆ ಕಾಣುವ ಕಲ್ಲುಗಳಿವೆ. ಲಾವಾ ನೀರಿನೊಳಗೆ ಉಕ್ಕಿದರೆ ಹೊರಮೈ ತಟ್ಟನೆ ಗಟ್ಟಿಯಾಗಿ ಇಂಥ ಉಂಡೆಗಳಾಗುತ್ತದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಉಳಿಸಿಕೊಂಡಿರುವ ಈ ಜಾಗ ಹೇಳುವುದಿಷ್ಟು: ಚಿತ್ರದುರ್ಗದ ಹಸಿರು ಪಟ್ಟೆ ಒಂದು ಕಾಲಕ್ಕೆ ಜ್ವಾಲಾಮುಖಿಗಳಿದ್ದ ಕಡಲ ತಳ. ಇಂಗಳದಾಳಿನ ತಾಮ್ರವೂ ಇಂಥ ಜ್ವಾಲಾಮುಖಿ ಶಿಲೆಗಳ ಸಂಗಾತಿ.

ಚಿನ್ನದ ಕಥೆ ಸ್ವಲ್ಪ ಬೇರೆ. ಭೂಮಿಯ ಆಳದಲ್ಲಿ ಮುನ್ನೂರು ಡಿಗ್ರಿಗೂ ಮೀರಿ ಕಾದ ನೀರಿನಲ್ಲಿ ಗಂಧಕವಿದ್ದರೆ ಅದರ ಜೊತೆ ಸೇರಿ ಚಿನ್ನ ಕರಗಿ ಹರಿಯುತ್ತದೆ. ಎರಡು ಶಿಲಾಖಂಡಗಳು ಒಂದನ್ನೊಂದು ಉಜ್ಜಿ ಸೀಳಿದ ವಲಯಗಳೇ ಆ ನೀರಿಗೆ ಹಾದಿ. ದಾರಿಯಲ್ಲಿ ಕಬ್ಬಿಣ ಹೆಚ್ಚಿರುವ ಶಿಲೆ ಎದುರಾದರೆ ಗಂಧಕ ಕಬ್ಬಿಣದ ಜೊತೆ ಕೂಡಿ ಪೈರೈಟ್ ಆಗುತ್ತದೆ. ಹಿಡಿದಿಟ್ಟುಕೊಂಡಿದ್ದ ಗಂಧಕ ಕೈಬಿಟ್ಟ ಮೇಲೆ ಚಿನ್ನ ಅಲ್ಲೇ ಕೂರುತ್ತದೆ. ಹಸಿರು ಪಟ್ಟೆಯ ಶಿಲೆಯಲ್ಲಿ ಕಬ್ಬಿಣ ಹೇರಳ, ಗ್ರಾನೈಟಿನಲ್ಲಿ ಕಡಿಮೆ. ಕೋಲಾರ, ಹಟ್ಟಿಗಳ ಚಿನ್ನ ಕೂತ ಕಾಲಕ್ಕೂ ಕ್ಲೋಸ್‌ಪೇಟ್ ಗ್ರಾನೈಟ್ ಮೇಲೇರಿದ ಕಾಲಕ್ಕೂ ಭೂಮಿಯ ಲೆಕ್ಕದಲ್ಲಿ ದೊಡ್ಡ ಅಂತರವಿಲ್ಲ. ನೆಲ ಕಾದು, ದ್ರವಗಳು ಓಡಾಡಿದ ಅದೇ ಯುಗದಲ್ಲಿ ಒಂದು ಶಿಲೆ ಚಿನ್ನವನ್ನು ಹಿಡಿದುಕೊಂಡಿತು, ಇನ್ನೊಂದಕ್ಕೆ ಆ ಶಕ್ತಿ ಇರಲಿಲ್ಲ. ‘ಇಲ್ಲಿ ಚಿನ್ನವಿಲ್ಲ’ ಎನ್ನುವ ಮಾತಿನ ಹಿಂದೆ ಇಷ್ಟು ರಸಾಯನಶಾಸ್ತ್ರ ಇದೆ.

ವಿಮಾನ ಮತ್ತು ಜರಡಿ

ಸುತ್ತಿಗೆ ನೋಡುವುದು ಮೇಲ್ಮೈಯನ್ನು ಮಾತ್ರ. ಮಣ್ಣಿನಡಿ ಇರುವುದನ್ನು ಅರಿಯಲು ಬೇರೆ ದಾರಿಗಳಿವೆ. ಗ್ರಾನೈಟ್ ಹಗುರ, ಹಸಿರು ಪಟ್ಟೆಯ ಶಿಲೆ ಭಾರ. ಹಾಗಾಗಿ ಗುರುತ್ವವನ್ನು ಸೂಕ್ಷ್ಮವಾಗಿ ಅಳೆಯುತ್ತ ಹೋದರೆ ಶಿಸ್ಟ್ ಪಟ್ಟೆಯ ಮೇಲೆ ಅಂಕೆ ತುಸು ಏರುತ್ತದೆ. ಕಬ್ಬಿಣದ ಶಿಲೆ, ಕರಿಕಲ್ಲಿನ ಡೈಕ್‌ಗಳು ಕಾಂತೀಯ ಅಳತೆಯಲ್ಲಿ ಸಿಕ್ಕಿಬೀಳುತ್ತವೆ. ಗ್ರಾನೈಟಿನಲ್ಲಿ ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂ ಹೆಚ್ಚಾದ್ದರಿಂದ ಅದು ಸೂಸುವ ಗಾಮಾ ಕಿರಣಗಳೇ ಅದರ ಗುರುತು. 2017ರಲ್ಲಿ ಶುರುವಾದ ರಾಷ್ಟ್ರೀಯ ವೈಮಾನಿಕ ಭೂಭೌತ ನಕ್ಷೆ ಯೋಜನೆಯಲ್ಲಿ ವಿಮಾನಗಳು ನೆಲದಿಂದ 80 ಮೀಟರ್ ಎತ್ತರದಲ್ಲಿ, 300 ಮೀಟರಿಗೊಂದು ಸಾಲಿನಂತೆ ಹಾರಿ ಕಾಂತಗುಣವನ್ನೂ ಗಾಮಾ ಕಿರಣವನ್ನೂ ದಾಖಲಿಸಿದವು.

ಉಪಗ್ರಹ ಚಿತ್ರಗಳು ಇನ್ನೂ ಹಳೆಯವು. ಅಮೆರಿಕದ ಲ್ಯಾಂಡ್‌ಸ್ಯಾಟ್ 1972ರಲ್ಲಿ, ನಮ್ಮ ಐಆರ್‌ಎಸ್-1ಎ 1988ರಲ್ಲಿ ಮೇಲೇರಿದವು. 1980ರಲ್ಲೇ ಎಸ್.ಎ. ಡ್ರೂರಿ ಮತ್ತು ಆರ್.ಡಬ್ಲ್ಯು. ಹೋಲ್ಟ್ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಇಟ್ಟುಕೊಂಡು ದಕ್ಷಿಣ ಭಾರತದ ದೊಡ್ಡ ಸೀಳುವಲಯಗಳನ್ನು ಗುರುತಿಸಿದ್ದರು. ನೆಲದ ಮೇಲೆ ನಿಂತವರಿಗೆ ಬಿಡಿ ಬಿಡಿಯಾಗಿ ಕಂಡ ಬಿರುಕುಗಳು ಮೇಲಿನಿಂದ ನೂರಾರು ಕಿಲೋಮೀಟರಿನ ಒಂದೇ ಗೆರೆಯಾಗಿ ಕೂಡಿಕೊಂಡವು.

ಜರಡಿಯ ಕೆಲಸ ಇದಕ್ಕೆ ವಿರುದ್ಧ ತುದಿಯದು. ಹಳ್ಳದ ಹೂಳು ಎಂದರೆ ಮೇಲ್ಗಡೆಯ ಎಲ್ಲ ಗುಡ್ಡಗಳಿಂದ ಕೊಚ್ಚಿ ಬಂದ ಕಣಗಳ ಮಿಶ್ರಣ. ಜಿಎಸ್‌ಐನ ಭೂರಾಸಾಯನಿಕ ನಕ್ಷೆಗಾಗಿ ಒಂದೊಂದು ಚದರ ಕಿಲೋಮೀಟರಿನಿಂದಲೂ ಹಳ್ಳದ ಹೂಳು ತಂದು, ಜರಡಿ ಹಿಡಿದು, ನಾಲ್ಕು ಚೌಕಗಳದ್ದನ್ನು ಬೆರೆಸಿ ಒಂದು ಮಾದರಿ ಮಾಡುತ್ತಾರೆ. ಒಂದು ಹಾಳೆಗೆ ಇನ್ನೂರಕ್ಕೆ ಹತ್ತಿರ ಮಾದರಿಗಳು. ಪ್ರತಿಯೊಂದರಲ್ಲೂ ಹತ್ತಾರು ಧಾತುಗಳ ಲೆಕ್ಕ. ವಜ್ರ ಹುಡುಕುವವರ ಜರಡಿಗೂ ಇದೇ ತರ್ಕ. ವಜ್ರವೇ ಸಿಗುವುದು ಬಹಳ ಅಪರೂಪವಾದ್ದರಿಂದ ಅವರು ಕಿಂಬರ್ಲೈಟಿನಿಂದ ಸವೆದು ಬಂದ ನೇರಳೆಗೆಂಪು ಗಾರ್ನೆಟ್, ಹಸಿರು ಡಯಾಪ್ಸೈಡ್ ಕಣಗಳ ಜಾಡು ಹಿಡಿದು ಹಳ್ಳದ ಹರಿವಿಗೆ ಎದುರಾಗಿ ಮೇಲಕ್ಕೆ ಹತ್ತುತ್ತಾರೆ. ಕಣ ನಿಂತುಹೋದ ಕಡೆ ಮೂಲ ಹತ್ತಿರದಲ್ಲಿದೆ ಎಂದರ್ಥ.

ಸಿಕ್ಕಿದ್ದರ ಲೆಕ್ಕ, ಸಿಗದ್ದರ ಲೆಕ್ಕ

ಇಷ್ಟೆಲ್ಲ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಎಲ್ಲಿ ಕೊರೆಯಬೇಕು ಎಂದು ತೀರ್ಮಾನಿಸುವುದೇ ಇಂದಿನ ಖನಿಜ ಅನ್ವೇಷಣೆಯ ಸಂಶೋಧನೆ. 1980ರ ದಶಕದ ಕೊನೆಯಲ್ಲಿ ಕೆನಡಾದ ಬಾನ್‌ಹ್ಯಾಮ್-ಕಾರ್ಟರ್, ಆಗ್ಟರ್‌ಬರ್ಗ್ ಮತ್ತು ಜೊತೆಗಾರರು ನೋವಾಸ್ಕೋಷಿಯಾದ ಚಿನ್ನಕ್ಕಾಗಿ ಒಂದು ವಿಧಾನ ರೂಪಿಸಿದರು. ರೋಗಲಕ್ಷಣಗಳಿಂದ ರೋಗದ ಸಂಭವ ಅಳೆಯಲು ವೈದ್ಯಕೀಯದಲ್ಲಿದ್ದ ಲೆಕ್ಕವನ್ನೇ ನೆಲಕ್ಕೆ ಒಗ್ಗಿಸಿದ ವಿಧಾನ ಅದು. ನಮ್ಮಲ್ಲಿ ಅಲೋಕ್ ಪೋರ್ವಾಲ್ ಅರಾವಳಿಯ ಸೀಸ-ಸತುವಿನ ಅದಿರುಗಳ ಮೇಲೆ ಇಂಥ ಲೆಕ್ಕಗಳನ್ನು ಪರೀಕ್ಷಿಸಿದರು.

ಲೆಕ್ಕ ಕಷ್ಟದ್ದಲ್ಲ. ಒಂದು ಕಲ್ಪಿತ ನೆಲವನ್ನು ಒಂದು ಚದರ ಕಿಲೋಮೀಟರಿನ 10,000 ಮನೆಗಳಾಗಿ ಹಂಚಿಕೊಳ್ಳಿ. ಅದರಲ್ಲಿ ಅದಿರು ಸಿಕ್ಕಿರುವ ಮನೆಗಳು 20. ಸುಮ್ಮನೆ ಕಣ್ಣುಮುಚ್ಚಿ ಒಂದು ಮನೆ ಆರಿಸಿದರೆ ಅದಿರಿರುವ ಸಂಭವ ಸಾವಿರಕ್ಕೆ ಎರಡು. ಈಗ ಸೀಳುವಲಯದ ಆಸುಪಾಸಿನ 1,000 ಮನೆಗಳನ್ನು ಬೇರೆ ಮಾಡಿ. ಇಪ್ಪತ್ತರಲ್ಲಿ 12 ಅದಿರುಗಳು ಅಲ್ಲೇ ಇದ್ದರೆ ಆ ಭಾಗದ ಸಂಭವ ಸಾವಿರಕ್ಕೆ ಹನ್ನೆರಡಕ್ಕೆ ಏರುತ್ತದೆ, ಅಂದರೆ ಆರು ಪಟ್ಟು. ಉಳಿದ 9,000 ಮನೆಗಳಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ಶಿಲೆಯ ಜಾತಿ, ಕಾಂತಗುಣ, ಹಳ್ಳದ ಹೂಳಿನ ತಾಮ್ರ ಹೀಗೆ ಒಂದೊಂದು ಸಾಕ್ಷಿಯೂ ತನ್ನ ತೂಕ ಸೇರಿಸುತ್ತದೆ ಅಥವಾ ಕಳೆಯುತ್ತದೆ. ಕೊನೆಗೆ ಪ್ರತಿ ಮನೆಗೂ ಒಂದು ಅಂಕ.

ಮೋಸ ಅಡಗಿರುವುದು ಆ ಇಪ್ಪತ್ತರಲ್ಲಿ. ಅದಿರು ಸಿಕ್ಕಿದ್ದು ಜನ ಹುಡುಕಿದ ಕಡೆ. ಜನ ಹುಡುಕಿದ್ದು ಅದಿರಿರಬಹುದು ಎಂದು ಮೊದಲೇ ನಂಬಿದ್ದ ಕಡೆ. ಸೀಳುವಲಯದ ಹೊರಗೆ ಯಾರೂ ಕಾಲಿಟ್ಟೇ ಇಲ್ಲದಿದ್ದರೆ ಅಲ್ಲಿನ ಕಡಿಮೆ ಅಂಕ ನೆಲದ ಗುಣವಲ್ಲ, ನಮ್ಮ ನಡಿಗೆಯ ದಾಖಲೆ. ಕಂಪ್ಯೂಟರಿಗೆ ಕಲಿಸುವ ಇಂದಿನ ಯಂತ್ರಕಲಿಕೆಯಲ್ಲಂತೂ ಈ ತೊಡಕು ಇನ್ನೂ ದೊಡ್ಡದು. ಅದಿರಿರುವ ಜಾಗ ಯಾವುದು ಎಂದು ತೋರಿಸಿದರೆ ಸಾಲದು, ಅದಿರಿಲ್ಲದ ಜಾಗ ಯಾವುದು ಎಂದೂ ತೋರಿಸಬೇಕು. ನೋಡದೇ ಬಿಟ್ಟ ನೆಲವನ್ನು ‘ಇಲ್ಲ’ ಎಂದು ಕಲಿಸಿದರೆ ಯಂತ್ರ ನಮ್ಮ ಹಳೆಯ ರೂಢಿಯನ್ನೇ ವಿಜ್ಞಾನವೆಂದು ಒಪ್ಪಿಸುತ್ತದೆ. ಫೂಟ್, ಸ್ಮೀತ್, ರಾಧಾಕೃಷ್ಣ ನಡೆದು ನೋಡಿ ಗುಲಾಬಿ ಬಳಿದ ನೆಲ ಇಲ್ಲಿ ಬೆಲೆಬಾಳುತ್ತದೆ. ಅದು ಪರೀಕ್ಷಿಸಿ ಹೇಳಿದ ‘ಇಲ್ಲ’.

ಯಾವುದು ಇಲ್ಲ?

ಆದರೂ ಒಂದು ‘ಇಲ್ಲ’ ಎಲ್ಲ ಪ್ರಶ್ನೆಗೂ ಉತ್ತರವಲ್ಲ. ಕ್ಲೋಸ್‌ಪೇಟ್ ಗ್ರಾನೈಟಿನ ಪುಸ್ತಕ ಬರೆದ ರಾಧಾಕೃಷ್ಣ ಅವರೇ ಇಲಾಖೆಯ ನಿರ್ದೇಶಕರಾಗಿದ್ದಾಗ ಅಂತರ್ಜಲಕ್ಕೆ ಪ್ರತ್ಯೇಕ ವಿಭಾಗ ತೆರೆದರು. ಗ್ರಾನೈಟಿನ ಒಡಲಲ್ಲಿ ರಂಧ್ರಗಳಿಲ್ಲ. ಮೇಲಿನ ಕೊಳೆತ ಗರಸಿನಲ್ಲಿ ಒಂದಿಷ್ಟು, ಕೆಳಗಿನ ಬಿರುಕುಗಳಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಅದೇ ಕಾರಣಕ್ಕೆ ಒಂದೇ ಹೊಲದಲ್ಲಿ ಒಂದು ಕೊಳವೆಬಾವಿಗೆ ನೀರು ಬಿದ್ದು ಪಕ್ಕದ್ದು ಒಣಗುತ್ತದೆ. ಕರಿಕಲ್ಲಿನ ಡೈಕ್ ಅಡ್ಡ ಬಂದರೆ ನೆಲದಡಿಯ ನೀರಿಗೆ ಗೋಡೆ ಕಟ್ಟಿದ ಹಾಗೆ: ಮೇಲ್ಭಾಗದ ಬಾವಿಗೆ ನೀರು, ಕೆಳಭಾಗದ್ದಕ್ಕೆ ಬರ. ಅದಿರಿಗಾಗಿ ಗುರುತಿಸಿದ ಅದೇ ಬಿರುಕು, ಅದೇ ಡೈಕ್ ಈಗ ಬಾವಿಯ ಪಾಯಿಂಟ್ ಹೇಳುತ್ತವೆ.

ಆ ನೀರಿನ ಗುಣವೂ ಇದೇ ಕಲ್ಲಿನಲ್ಲಿ ಬರೆದಿದೆ. ಗ್ರಾನೈಟಿನ ಕರಿ ಅಭ್ರಕ, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರಿನ್ ಇರುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ನೀರು ಬಿರುಕಿನಲ್ಲಿ ಬಹುಕಾಲ ನಿಂತು ಕಲ್ಲನ್ನು ಕರಗಿಸುವ ಸೀಮೆಯಲ್ಲಿ ಅದು ನೀರಿಗಿಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ, ಸೋಡಿಯಂ ಹೆಚ್ಚಿದ ನೀರಿನಲ್ಲಿ ಹಾಗಾಗುವುದಿಲ್ಲ. ಲೀಟರಿಗೆ ಒಂದು ಮಿಲಿಗ್ರಾಂ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಎಂಬುದು ನಮ್ಮ ಮಾನಕ. ಅದು ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಮುಂದೆ ಮೂಳೆಗೆ ಹಾನಿ. ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡಗಳು ಈ ತೊಂದರೆಗೆ ಹೆಸರಾದ ತಾಲ್ಲೂಕುಗಳು. ತುಂಗಭದ್ರೆಯ ಹಿನ್ನೀರನ್ನು ಇತ್ತ ತರುವ ಕುಡಿಯುವ ನೀರಿನ ಯೋಜನೆಗೆ ಇದೂ ಒಂದು ಕಾರಣ.

ಕಾಲ ಬದಲಾದಂತೆ ಪ್ರಶ್ನೆಯೂ ಬದಲಾಗುತ್ತದೆ. ಬ್ಯಾಟರಿಗಳ ಕಾಲ ಬಂದು ಲಿಥಿಯಂಗೆ ಬೆಲೆ ಏರಿತು. ಗ್ರಾನೈಟಿನ ಶಿಲಾಪಾಕ ಆರುತ್ತ ಬಂದಾಗ ಕೊನೆಗೆ ಉಳಿಯುವ ದ್ರವದಲ್ಲಿ ಬೇರೆ ಖನಿಜಗಳಿಗೆ ಬೇಡವಾದ ಲಿಥಿಯಂ, ಟ್ಯಾಂಟಲಂನಂಥ ಧಾತುಗಳು ಸೇರಿಕೊಂಡು ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಯಾಗುತ್ತದೆ. ಮಂಡ್ಯ ಜಿಲ್ಲೆಯ ಮರಳಗಾಲ ಸೀಮೆಯಲ್ಲಿ 1,600 ಟನ್ ಲಿಥಿಯಂ ಇರಬಹುದೆಂಬ ಆರಂಭಿಕ ಅಂದಾಜನ್ನು ಪರಮಾಣು ಇಂಧನ ಇಲಾಖೆ 2021ರಲ್ಲಿ ಪ್ರಕಟಿಸಿದ್ದು ಇಂಥ ಪೆಗ್ಮಟೈಟ್‌ಗಳಿಂದ. ಚಿನ್ನ, ತಾಮ್ರ ಹುಡುಕಿದವರು ಬೆಣಚಿನ ಜೊತೆ ಸೇರಿಸಿ ಒಂದೇ ಚುಕ್ಕಿಯಲ್ಲಿ ಗುರುತಿಸಿ ಮುಂದೆ ನಡೆದ ಶಿಲೆಗೆ ಈಗ ಮತ್ತೆ ಸುತ್ತಿಗೆ ತಾಗುತ್ತಿದೆ. ಮೊಳಕಾಲ್ಮೂರಿನಲ್ಲೂ ಲಿಥಿಯಂ ಇದೆ ಎಂದು ಇದರಿಂದ ಸಾಧಿಸಲಾಗದು. ಹಳೆಯ ನಕ್ಷೆಯ ‘ಇಲ್ಲ’ ಲಿಥಿಯಂ ಕೇಳಿಯೇ ಇರಲಿಲ್ಲ ಎಂದಷ್ಟೇ ಹೇಳಬಹುದು.

ಹುಡುಕುವವರಿಗೆ ಹುಡುಕದ್ದು ಸಿಗುವುದಕ್ಕೆ ಹಳೆಯ ನಿದರ್ಶನವೊಂದಿದೆ, ಅದರ ಎಳೆ ಶುರುವಾಗುವುದು ಈ ಸೀಮೆಯಲ್ಲೇ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ಪತ್ತೆಮಾಡಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಸುವರ್ಣಗಿರಿ ಎಲ್ಲಿತ್ತು ಎಂಬ ಬಗ್ಗೆ ಮಸ್ಕಿ, ಕನಕಗಿರಿ, ಜೊನ್ನಗಿರಿ ಎಂದು ಬೇರೆ ಬೇರೆ ವಾದಗಳಿವೆ. ಆ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರೇ ಇರುವ ಶಾಸನವನ್ನು ಕಂಡವನು ಸಿ. ಬೀಡನ್. ಅವನು ಶಾಸನತಜ್ಞನಲ್ಲ, ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್. ಶಾಸನಗಳ ‘ದೇವಾನಾಂಪ್ರಿಯ’ ದೊರೆ ಅಶೋಕನೇ ಎಂಬುದು ಆ ಬಂಡೆಯಿಂದ ಗಟ್ಟಿಯಾಯಿತು. ಬೀಡನ್ ಕೈಲಿದ್ದ ಕೆಲಸದ ಪಟ್ಟಿಯಲ್ಲಿ ಶಾಸನ ಇರಲಿಲ್ಲ. ಆದರೂ ಕಂಡದ್ದನ್ನು ಬಿಟ್ಟು ನಡೆಯಲಿಲ್ಲ.

ಹಾಳೆ ಈಗ ಎಲ್ಲರದು

ಸರ್ಕಾರದ ಲೆಕ್ಕದಲ್ಲಿ ಖನಿಜ ಅನ್ವೇಷಣೆಗೆ ನಾಲ್ಕು ಮೆಟ್ಟಿಲುಗಳಿವೆ: ಜಿ4 ಎಂದರೆ ಪ್ರಾಥಮಿಕ ಸಮೀಕ್ಷೆ, ಆಮೇಲೆ ಜಿ3, ಜಿ2, ಕೊನೆಗೆ ಗಣಿಗೆ ಬೇಕಾದಷ್ಟು ವಿವರದ ಜಿ1. ಮೆಟ್ಟಿಲು ಏರಿದಂತೆ ಹಣ ಹೆಚ್ಚು ಬೇಕು, ನೆಲದ ವಿಸ್ತಾರ ಕಿರಿದಾಗುತ್ತದೆ. ಹೆಚ್ಚಿನ ಜಾಗಗಳು ಮೊದಲ ಮೆಟ್ಟಿಲಿನಲ್ಲೇ ನಿಂತುಹೋಗುತ್ತವೆ. ಅಲ್ಲಿ ಬರೆದ ವರದಿಗಳು ಮೊದಲು ಕಚೇರಿಯ ಬೀರುಗಳಲ್ಲಿ ಉಳಿಯುತ್ತಿದ್ದವು. 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ ತೆರೆದ ಮೇಲೆ ಭೂವೈಜ್ಞಾನಿಕ, ಭೂಭೌತ, ಭೂರಾಸಾಯನಿಕ ದತ್ತಾಂಶಗಳನ್ನು ಯಾರು ಬೇಕಾದರೂ ನೋಡಬಹುದಾಗಿದೆ.

ಇದರ ಲಾಭ ಗಣಿ ಕಂಪನಿಗಳಿಗಷ್ಟೇ ಅಲ್ಲ. ಕೊಂಡ್ಲಹಳ್ಳಿಯ ಸುತ್ತಮುತ್ತಲ ಹೈಸ್ಕೂಲು ಮೇಷ್ಟ್ರು ತಮ್ಮೂರಿನ ಹಾಳೆ ತೆಗೆದು, ಯಾವ ಬಾವಿ ಯಾವ ಬಿರುಕಿನ ಮೇಲಿದೆ, ಯಾವುದರಲ್ಲಿ ಫ್ಲೋರೈಡ್ ಹೆಚ್ಚು ಎಂದು ಮಕ್ಕಳಿಂದ ಗುರುತು ಹಾಕಿಸಬಹುದು. ಗ್ರಾಮ ಪಂಚಾಯಿತಿ ಕೊಳವೆಬಾವಿ ಕೊರೆಸುವ ಮುನ್ನ ಡೈಕ್ ಯಾವ ಕಡೆ ಹಾದಿದೆ ಎಂದು ನೋಡಬಹುದು. ಎಂ.ಎಸ್ಸಿ. ವಿದ್ಯಾರ್ಥಿ ಹಳೆಯ ತುಂಡು ಗೆರೆಯೊಂದನ್ನು ಆರಿಸಿಕೊಂಡು, ಅದು ಅಖಂಡವಾಗುತ್ತದೋ ಅಳಿಸಿಹೋಗುತ್ತದೋ ಎಂದು ನಡೆದು ನೋಡಬಹುದು. ಹಾಗೆ ನೋಡುವಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಇಲ್ಲಿ ಯಾವುದನ್ನು ಹುಡುಕಿದ್ದರು? ಎಷ್ಟು ಹತ್ತಿರ ಹತ್ತಿರವಾಗಿ ನೋಡಿದ್ದರು? ನೋಡಿಯೂ ಸಿಗದ್ದನ್ನು ಬರೆದಿಟ್ಟಿದ್ದಾರೆಯೇ? ಮೂರಕ್ಕೂ ಉತ್ತರವಿರುವ ನಕ್ಷೆಯ ಗುಲಾಬಿ ಬಣ್ಣವನ್ನು ಹಸಿರಿನಷ್ಟೇ ನಂಬಬಹುದು. ಉತ್ತರವಿಲ್ಲದ ನಕ್ಷೆಯಲ್ಲಿ ಎರಡು ಬಣ್ಣವೂ ಇನ್ನೂ ಊಹೆಯೇ, ಅಲ್ಲಿ ಕೆಲಸ ಮತ್ತೆ ಕಾಲ್ನಡಿಗೆಯಿಂದ ಶುರುವಾಗಬೇಕು.